ಮಗುಚಿ ಮಲಗಿಸಿದ ದೋಣಿ

ದೋಣಿಯನ್ನು ಮಗುಚಿ, ಹಳೆಯ ಕಂಬಳಿ ಸುತ್ತಿದ ಎರಡು ಸ್ಟ್ಯಾಂಡುಗಳ ಮೇಲೆ ಮಲಗಿಸಿದ್ದರು. ಒದ್ದೆ ಉಪ್ಪುಕಾಗದ ಹಿಡಿದು ಅದರ ಹೊಟ್ಟೆಯ ಮುಂದೆ ನಿಂತ ಗ್ವೇಫೆನ್ ಬಹಳ ಹೊತ್ತು ಏನೂ ಮಾಡಲಿಲ್ಲ. ಮೂತಿಯಿಂದ ನಡುವಿನವರೆಗೆ ಬಿಳಿ ಬಣ್ಣ ಹರಿದು ಉದ್ದುದ್ದ ಗೀರುಗಳು ಬಿದ್ದಿದ್ದವು. ಕೆಲವು ಒಳಗಿನ ಕಾರ್ಬನ್ ನೇಯ್ಗೆಯವರೆಗೂ ಇಳಿದಿದ್ದವು. ನಿನ್ನೆ ಅವಳೇ ಅವುಗಳಿಗೆ ತುಂಬಿದ ರಾಳ ರಾತ್ರಿ ಗಟ್ಟಿಯಾಗಿ ಮೇಲೆದ್ದು ನಿಂತಿತ್ತು. ಮೇಲಿನ ಅಣೆಕಟ್ಟೆಯವರು ಗೇಟು ಮುಚ್ಚಿದರೆ ಫುಚುನ್ ನದಿ ಹೇಳದೆ ಕೇಳದೆ ಇಳಿದುಬಿಡುತ್ತದೆ, ಮರಳುದಿಬ್ಬ ಬೆನ್ನು ತೋರಿಸುತ್ತದೆ. ಇದು ಫುಯಾಂಗಿನ ಬಾತುಕೋಳಿಗಳಿಗೂ ಗೊತ್ತಿರುವ ಸಂಗತಿ. ಪಂದ್ಯದ ದೋಣಿ ಕಲಿಸುವ ಶೆಂಗ್ ಮೇಷ್ಟ್ರ ತಂಡಕ್ಕೆ ಮಾತ್ರ ಅದು ಹೊಸ ಸುದ್ದಿಯಾಗಿ, ದೋಣಿ ದಿಬ್ಬಕ್ಕೆ ಉಜ್ಜಿತ್ತು. ತಪ್ಪು ಹುಡುಗಿಯರದೆಂದು ಬೈಗುಳ ತಿಂದವರು ಹುಡುಗಿಯರೇ. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಕೊಟ್ಟು ಕೂತಿರುತ್ತಾರೆ, ಮುಂದೇನಿದೆ ಎಂದು ನೋಡಬೇಕಾದವರು ಹಿಂದಿನ ಯಂತ್ರದೋಣಿಯಲ್ಲಿ ಮೈಕು ಹಿಡಿದು ಕೂತ ಮೇಷ್ಟ್ರು, ಎಂದು ಆ ಹುಡುಗಿಯರಲ್ಲಿ ಯಾರಾದರೂ ಹೇಳಿರಲಾರರು. ಹಿಂದೆ ಅದೇ ತಂಡದಲ್ಲಿ ಹುಟ್ಟು ಹಾಕುತ್ತಿದ್ದಾಗ ಅವಳೂ ಹೇಳಿದವಳಲ್ಲ. ಈಗ ಅದನ್ನು ನೆನೆದರೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬೆಳಗಿನಿಂದ ಏನೂ ಬರುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ಕೆನ್ನೆ ಮುಟ್ಟಿದರೂ ಗೊತ್ತಾಗದ ಹಾಗೆ ಮೈಯೆಲ್ಲ ಮಂಕಾಗಿತ್ತು.

ಇವತ್ತು ಮೇಷ್ಟ್ರು ಬರುವವರಿದ್ದರು. ದೋಣಿ ನೋಡುವುದು ನೆಪ. ನಿಜವಾಗಿ ನೋಡುವುದು ಅವಳ ಮಗಳು ಯಾಲಿನ್‌ಳನ್ನು. ಬೆಳಿಗ್ಗೆ ಗಂಜಿ ಕುಡಿಯುವಾಗ ಗಂಡ ಗೋಲ್ಯಾಂಗ್ ಬಟ್ಟಲಿನಿಂದ ತಲೆ ಎತ್ತದೆ ಹೇಳಿದ್ದ, ಮನೆಯ ನಲ್ಲಿ ಸೋರುತ್ತಿದೆ ಎನ್ನುವ ದನಿಯಲ್ಲಿ.

"ಮೇಷ್ಟ್ರಿಗೆ ಫೋನ್ ಮಾಡಿದ್ದೆ. ಹೆಂಗೂ ದೋಣಿ ನೋಡಕ್ಕೆ ಬರ್ತಾರಲ್ಲ, ಹಂಗೇ ನಮ್ಮ ಹುಡುಗೀನೂ ಒಂದ್ಸಲ ನೋಡ್ಲಿ ಅಂದೆ."

"ನನ್ನ ಕೇಳ್ಲಿಲ್ಲ."

"ಕೇಳಿದ್ರೆ ನೀನು ಹೂಂ ಅಂತಾನೂ ಅನ್ನಲ್ಲ, ಉಹೂಂ ಅಂತಾನೂ ಅನ್ನಲ್ಲ. ಗೋಡೆ ಕೇಳ್ದಂಗೆ." ಉಪ್ಪಿನಲ್ಲಿ ಹಾಕಿದ ಸೊಪ್ಪನ್ನು ಕಡ್ಡಿಯಿಂದ ಎತ್ತಿ ಬಾಯಿಗಿಟ್ಟುಕೊಂಡ. "ಆಗಲೇ ನನ್ನ ಕಿವಿಯೆತ್ತರಕ್ಕೆ ಬಂದಿದಾಳೆ. ಲೆಕ್ಕದಲ್ಲಿ ಅವಳ ಪಾಡೇನು ಅಂತ ನಿಂಗೂ ಗೊತ್ತು. ದೇವರು ಕೈ ಕೊಟ್ಟಿದಾನೆ, ತಲೆ ಕೊಟ್ಟಿಲ್ಲ. ಕೊಟ್ಟಿದ್ದನ್ನಾದ್ರೂ ಬಳಸ್ಕೋಬೇಕಲ್ವಾ?"

ಅವಳು ಬಟ್ಟಲು ತೊಳೆದಳು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಾಗದದ ಮಿಲ್ಲು ಮುಚ್ಚಿದ ಮೇಲೆ ಸಾಮಾನಿನ ವ್ಯಾನು ಓಡಿಸಿ ಸೊಂಟ ಹಿಡಿಸಿಕೊಂಡ ಗಂಡ ಮಗಳ ಬಗ್ಗೆ ಆಸೆಪಡುವುದರಲ್ಲಿ ತಪ್ಪೇನಿದೆ ಎಂದು ಯೋಚಿಸಿದಳು, ತಪ್ಪು ಸಿಗಲಿಲ್ಲ. ಹಿಂದಿನ ಚಳಿಗಾಲದಲ್ಲಿ ತಂದ ಯಾಲಿನ್‌ಳ ಶಾಲೆಯ ಅಂಗಿ ಈಗ ಮುಂಗೈ ಬಿಟ್ಟು ಮೇಲೇರಿದೆ. ಅದನ್ನು ಅವಳು ಎಲ್ಲರಿಗಿಂತ ಮೊದಲೇ ಕಂಡಿದ್ದಳು. ಕಂಡು, ಎರಡು ಅಳತೆ ದೊಡ್ಡ ಅಂಗಿ ಹೊಲಿಸಿ, ಅದರ ತೋಳನ್ನು ಬೆರಳು ಮುಚ್ಚುವಷ್ಟು ಉದ್ದ ಬಿಡಿಸಿದ್ದಳು. ಬೆಳೆಯೋ ಹುಡುಗಿ, ಮತ್ತೆ ಮತ್ತೆ ಹೊಲಿಸೋಕಾಗುತ್ತಾ ಎಂದು ದರ್ಜಿಗೆ ಹೇಳಿದ್ದಳು. ಅದು ಸುಳ್ಳೇನಲ್ಲ.

ಗೀರಿನ ಮೇಲೆ ಕರಿಯ ಪುಡಿ ಉದುರಿಸಿ ಅಂಗೈಯಿಂದ ತೆಳ್ಳಗೆ ಹರಡಿದಳು. ಪುಡಿ ತಗ್ಗಿನಲ್ಲಿ ಉಳಿಯುತ್ತದೆ, ಉಬ್ಬಿನಲ್ಲಿ ಅಳಿಯುತ್ತದೆ. ಉಜ್ಜುತ್ತ ಹೋದ ಹಾಗೆ ಎಲ್ಲಿ ಕರಿ ಉಳಿದಿದೆ ನೋಡಿಕೊಂಡು ಕೈ ಓಡಿಸಬೇಕು. ಉಪ್ಪುಕಾಗದವನ್ನು ಬೆರಳಲ್ಲಿ ಹಿಡಿದು ಉಜ್ಜಿದರೆ ಬೆರಳಿನ ಗುರುತು ಕೊರೆಯುತ್ತದೆ, ಅದಕ್ಕೆ ಉದ್ದನೆಯ ರಬ್ಬರು ಹಲಗೆಗೆ ಸುತ್ತಿ, ಎರಡೂ ಕೈ ಇಟ್ಟು, ಓರೆಯಾಗಿ ಒಮ್ಮೆ ಆ ಕಡೆಯಿಂದ ಒಮ್ಮೆ ಈ ಕಡೆಯಿಂದ. ನೀರು ಚಿಮುಕಿಸಿ ಉಜ್ಜಿದರೆ ಕೆನೆಯ ಬಣ್ಣದ ಗಂಜಿ ಇಳಿದು ಮೊಣಕೈಯವರೆಗೆ ಹರಿಯುತ್ತದೆ. ರಾಳವಷ್ಟೇ ಸವೆಯಬೇಕು, ಪಕ್ಕದ ಬಿಳಿ ಸವೆಯಬಾರದು. ಬಿಳಿಯ ಕೆಳಗಿಂದ ಕರಿಯ ನೇಯ್ಗೆ ಇಣುಕಿತೋ, ಕೆಲಸ ಕೆಟ್ಟಿತು. ಕಡೆಗೆ ಕೈಗವಸು ಕಳಚಿ, ಕಣ್ಣು ಮುಚ್ಚಿ, ಬರಿ ಅಂಗೈಯನ್ನು ಮೂತಿಯಿಂದ ಹಿಂದಕ್ಕೆ ಒಂದೇ ಎಳೆತಕ್ಕೆ ಸವರಬೇಕು. ಕಣ್ಣು ಮೋಸ ಹೋಗುತ್ತದೆ, ಅಂಗೈ ಹೋಗುವುದಿಲ್ಲ ಎಂದು ಈ ಕಾರ್ಖಾನೆಯ ಯಜಮಾನ ಹೋಂಗ್ ಹೇಳುತ್ತಾನೆ, ಹೊಸದಾಗಿ ಬಂದವರಿಗೆಲ್ಲ ಹೇಳುತ್ತಾನೆ, ತಾನೇ ಕಂಡುಹಿಡಿದ ಹಾಗೆ. ಗ್ವೇಫೆನ್‌ಳ ಅಂಗೈಗೆ ಇನ್ನೂ ಹುಟ್ಟು ಹಿಡಿದ ಜಡ್ಡು ಇದೆ. ದೋಣಿ ಬಿಟ್ಟು ಹದಿನೈದು ವರ್ಷವಾಗಿದ್ದರೂ ಅದು ಹೋಗಿಲ್ಲ. ಜಡ್ಡುಗಟ್ಟಿದ ಅಂಗೈಗೆ ಏನು ತಿಳಿಯುತ್ತದೆ ಎಂದು ಮೊದಲು ಹೋಂಗ್ ಅನುಮಾನಪಟ್ಟಿದ್ದ. ಅವಳು ಬೆರಳಬುಡ ಬಿಟ್ಟು ಮಣಿಕಟ್ಟಿನ ಹತ್ತಿರದ ಮೆತ್ತನೆಯ ಮಾಂಸದಿಂದ ಸವರಿ ತೋರಿಸಿದ್ದಳು. ಆಗ ಅವನು ನಕ್ಕು, ಶೆಂಗ್ ಸುಮ್ನೆ ಕಳಿಸಿಲ್ಲ ನಿನ್ನ, ಎಂದಿದ್ದ.

ಹೌದು, ಈ ಕೆಲಸವನ್ನೂ ಶೆಂಗ್ ಮೇಷ್ಟ್ರೇ ಕೊಡಿಸಿದ್ದು. ಹನ್ನೊಂದನೆಯ ವಯಸ್ಸಿನಲ್ಲಿ ಹಳ್ಳಿಯ ಶಾಲೆಯಿಂದ ಆರಿಸಿ ಕರೆತಂದದ್ದು ಅವರೇ, ಇಪ್ಪತ್ತೆರಡಕ್ಕೆ ದೋಣಿಯಿಂದ ಇಳಿಸಿದ್ದೂ ಅವರೇ, ಇಳಿಸಿದ ಮೇಲೆ ನಡುನೀರಿನಲ್ಲಿ ಬಿಡಲಿಲ್ಲ ಎಂದು ಗೋಲ್ಯಾಂಗ್ ಈಗಲೂ ಹಬ್ಬಕ್ಕೆ ಅವರ ಮನೆಗೆ ಹಣ್ಣಿನ ಬುಟ್ಟಿ ಕಳಿಸುತ್ತಾನೆ. ಅಂದು ಶಾಲೆಯ ಅಂಗಳದಲ್ಲಿ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಪಾದ ನೋಡಿದರು, ಮಂಡಿ ಒತ್ತಿದರು, ಅವಳ ಎಡಗೈಯನ್ನು ಪಟ್ಟಣಕ್ಕೆ ಒಯ್ದು ಎಕ್ಸ್‌ರೇ ತೆಗೆಸಿದರು. ಮೂಳೆಯ ನಡುವಿನ ಸಂದು ನೋಡಿದರೆ ಇನ್ನೆಷ್ಟು ಬೆಳೆಯುತ್ತಾಳೆ ಗೊತ್ತಾಗುತ್ತದಂತೆ. ಮೂಳೆ ಕೂಡ ಮಾತಾಡುತ್ತದೆಯೇ ಎಂದು ಅವಳ ಅಜ್ಜಿ ಕೇಳಿದ್ದಳು. ಆಮೇಲೆ ವಾರಕ್ಕೊಮ್ಮೆ ತೂಕ, ಒಳ ಅಂಗಿಯಲ್ಲಿ, ಬಾಗಿಲು ತೆರೆದ ಕೋಣೆಯಲ್ಲಿ, ಮೇಷ್ಟ್ರು ಮುಳ್ಳು ನೋಡುತ್ತ, "ಗ್ವೇಫೆನ್, ಅನ್ನದ ಪಾತ್ರೆ ಜೊತೆ ಮದುವೆ ಆಗಿದ್ಯಾ?" ಎಂದರೆ ಹುಡುಗಿಯರೆಲ್ಲ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಪಕ್ಕೆಲುಬು ಬಿರಿದ ಚಳಿಗಾಲ ಉಸಿರೆಳೆದರೆ ಸೂಜಿ ಚುಚ್ಚುತ್ತಿತ್ತು. ಹೇಳಿದರೆ ಜಾಗ ಹೋಗುತ್ತದೆಂದು ಹೇಳದೆ ಎರಡು ತಿಂಗಳು ಹುಟ್ಟು ಹಾಕಿದಳು. ಜಾಗ ಹೋದದ್ದು ಅದಕ್ಕಲ್ಲ. ರಾಷ್ಟ್ರೀಯ ಕೂಟಕ್ಕೆ ಹೊರಡುವ ವಾರ ಮೇಷ್ಟ್ರು ಎಲ್ಲರ ಎದುರಿಗೆ, ಊಟದ ಮನೆಯಲ್ಲಿ, ಒಂದು ಸಾಲು ಹೇಳಿದರು. "ಗ್ವೇಫೆನ್‌ಗೆ ಮನಸ್ಸಿದೆ, ಕೈ ಸಾಲ್ದು. ಅವಳ ಜಾಗದಲ್ಲಿ ತಾವ್ ಯಿಂಗ್ ಕೂತ್ಕೊಳ್ಳಲಿ." ಕೈ ಸಾಲದು. ಹನ್ನೊಂದು ವರ್ಷ ಸಾಕಾದ ಕೈ ಆ ವಾರ ಹೇಗೆ ಸಾಲದಾಯಿತು ಎಂದು ಅವಳು ಕೇಳಲಿಲ್ಲ. ತಟ್ಟೆಯಲ್ಲಿದ್ದ ಮೀನನ್ನು ಮುಳ್ಳು ಬಿಡಿಸಿ ತಿಂದು ಮುಗಿಸಿದಳು. ಆವತ್ತಿನಿಂದ ಅವಳಿಗೆ ಯಾವುದೂ ಅಷ್ಟಾಗಿ ತಾಗುವುದಿಲ್ಲ. ಮದುವೆಯ ದಿನವೂ ತಾಗಲಿಲ್ಲ. ಹೆರಿಗೆಯ ದಿನ ಸ್ವಲ್ಪ.

"ಏನೇ, ದೋಣಿ ಹೊಟ್ಟೆ ಸವರ್ತಾ ನಿದ್ದೆಗೆ ಜಾರಿದ್ಯಾ? ಬಸುರಿ ಹೊಟ್ಟೆ ಸವರ್ದಂಗೆ ಸವರ್ತಿದೀಯ." ಪಕ್ಕದ ಸ್ಟ್ಯಾಂಡಿನಲ್ಲಿ ಬಣ್ಣಕ್ಕೆ ಟೇಪು ಅಂಟಿಸುತ್ತಿದ್ದ ಅಜೂ ಕೇಳಿದಳು. ಅಜೂಗೆ ಐವತ್ತಾಗಿದೆ, ಬಾಯಿಗೆ ಬಿಡುವು ಕೊಟ್ಟರೆ ಹಲ್ಲು ಉದುರಿಹೋಗುತ್ತದೆ ಎಂಬ ಭಯವಿದ್ದವಳ ಹಾಗೆ ಮಾತಾಡುತ್ತಾಳೆ.

"ಇಲ್ಲಕ್ಕ. ನೋಡ್ತಿದ್ದೆ."

"ನೋಡು ನೋಡು. ಸಾಯಂಕಾಲ ಮೇಷ್ಟ್ರು ಬಂದು ನಿನ್ ಮಗಳನ್ನ ನೋಡ್ತಾರೆ, ನೀನು ದೋಣಿ ನೋಡು. ಹೋಂಗ್ ಯಜಮಾನ್ರು ಹೇಳಿದ್ರು. ಅದೃಷ್ಟ ಕಣೇ. ನಮ್ ಹುಡುಗನ್ನ ಯಾರು ನೋಡ್ತಾರೆ, ಕಾಲು ಗಿಡ್ಡ, ನಾಲಿಗೆ ಉದ್ದ. ನನ್ನೇ ಹೋಲ್ತಾನೆ."

"ಇನ್ನೂ ಏನೂ ಆಗಿಲ್ಲಕ್ಕ."

"ಆಗತ್ತೆ. ಆ ಹುಡುಗಿ ಕೈ ನೋಡಿದೀನಿ ನಾನು, ನಿಂತಲ್ಲೇ ಮಂಡಿ ಕೆರ್ಕೋಬಹುದು. ಊಟ, ಬಟ್ಟೆ, ಓದು ಎಲ್ಲ ಅವರದೇ. ಮತ್ತೆ ಹೆಸರು ಬಂದ್ರೆ ಕೇಳ್ಬೇಕಾ?" ಅಜೂ ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದಳು. "ಹೆಸರು ಬರ್ದೇ ಇದ್ರೂ ಏನಂತೆ, ನಿನ್ ಹಾಗೆ ಇಲ್ಲಿ ಒಂದ್ ಕೆಲ್ಸ ಇದ್ದೇ ಇರತ್ತೆ."

ಕೊಂಕಿಗೆ ಹೇಳಿದ್ದಲ್ಲ, ಅಜೂಗೆ ಕೊಂಕು ಬರುವುದಿಲ್ಲ. ಗ್ವೇಫೆನ್ ನೀರು ಚಿಮುಕಿಸಿ ಮತ್ತೆ ಉಜ್ಜತೊಡಗಿದಳು. ರಬ್ಬರು ಹಲಗೆ ಹೋಗಿ ಬರುವ ಸದ್ದು, ಹೋಗಿ ಬರುವ ಸದ್ದು. ಮಗಳು ತನ್ನ ಹಾಗೆ ಈ ಷೆಡ್ಡಿನಲ್ಲಿ ಕರಿಪುಡಿ ಬಳಿದುಕೊಂಡು ನಿಂತಿರುವುದನ್ನು ನೆನೆಯಲು ಪ್ರಯತ್ನಿಸಿದಳು. ನೆನೆಯುವುದು ಕಷ್ಟವಾಗಲಿಲ್ಲ, ಸಲೀಸಾಗಿ ಬಂತು, ಅದಕ್ಕೇ ಭಯವಾಯಿತು. ಅವಳಿಗೆ ಈಗ ತನ್ನ ಮನಸ್ಸು ಏನು ಎನ್ನುವುದು ಗೊತ್ತಾಯಿತು: ಯಾಲಿನ್ ಹೋಗಬಾರದು. ಕಾರಣ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಗೋಲ್ಯಾಂಗ್‌ನ ಎದುರು ಒಂದು ಮಾತೂ ನಿಲ್ಲುತ್ತಿರಲಿಲ್ಲ. ಆದರೂ ಹೋಗಬಾರದು.

ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತ್ತು. ಯಾಲಿನ್ ಬಂದವಳು ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡಳು, ಅವಳಿಗೆ ರಾಳದ ವಾಸನೆ ಆಗುವುದಿಲ್ಲ. ಉದ್ದನೆಯ ತೋಳು ಬೆರಳು ಮುಚ್ಚಿತ್ತು. ಒಳಗೆ ಬಂದು ತಲೆಕೆಳಗಾದ ಒಂದು ಬಕೆಟ್ಟಿನ ಮೇಲೆ ಕೂತು, ಜೇಬಿನಿಂದ ಲೊಕಾಟ್ ಹಣ್ಣು ತೆಗೆದು ಸಿಪ್ಪೆ ಸುಲಿದು ಅಮ್ಮನ ಬಾಯಿಗೆ ಒಂದು ಇಟ್ಟಳು, ಅಮ್ಮನ ಕೈ ಕೊಳಕಾಗಿತ್ತಲ್ಲ. ಅಜೂ ಊಟಕ್ಕೆ ಹೋಗಿದ್ದಳು. ಹೋಂಗ್ ಹಿಂದುಗಡೆ ಫೋನಿನಲ್ಲಿ ಯಾರ ಜೊತೆಗೋ ಜೋರು ಮಾಡುತ್ತಿದ್ದ.

"ಅಪ್ಪ ಹೇಳ್ತು, ನಾನು ಇಲ್ಲಿಗೆ ಬರ್ಬೇಕಂತೆ. ಆ ಮೇಷ್ಟ್ರು ಬರ್ತಾರಂತೆ."

"ಹೂಂ."

"ಅಲ್ಲಿ ಒಂದು ರೂಮಲ್ಲಿ ಎಂಟು ಜನ ಮಲಗ್ತಾರಾ?"

"ನಮ್ ಕಾಲಕ್ಕೆ ಎಂಟು. ಈಗ ನಾಲ್ಕಿರಬೇಕು."

"ಬೆಳಿಗ್ಗೆ ಐದಕ್ಕೆ ಏಳಿಸ್ತಾರಂತೆ. ಚಳೀಲೂ." ಯಾಲಿನ್ ಬೀಜವನ್ನು ಅಂಗೈಯಲ್ಲಿ ಉರುಳಿಸುತ್ತಿದ್ದಳು. "ನಂಗೆ ಈಜು ಇಷ್ಟ. ಹುಟ್ಟು ಹಾಕೋದು ಇಷ್ಟ ಇದ್ಯಾ ಇಲ್ವಾ ಗೊತ್ತಿಲ್ಲ. ಮಾಡೇ ಇಲ್ವಲ್ಲ. ಅಮ್ಮ, ಅಲ್ಲಿಗೆ ಹೋದ್ರೆ ನಾನು ನಿನ್ ಹಾಗೆ ಆಗ್ತೀನಾ?"

ಗ್ವೇಫೆನ್‌ಳ ಕೈ ನಿಲ್ಲಲಿಲ್ಲ. "ನನ್ ಹಾಗೆ ಅಂದ್ರೆ?"

ಹುಡುಗಿ ಹಣ್ಣಿನ ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡತೊಡಗಿದಳು. ನನ್ನ ಹಾಗೆ ಅಂದರೆ ಏನು ಎಂದು ಗ್ವೇಫೆನ್‌ಗೆ ಗೊತ್ತಿತ್ತು. ಶಾಲೆಯ ಪತ್ರ ಬಂದರೆ ಅಪ್ಪನಿಗೆ ಕೊಡುವ ಅಮ್ಮ. ಬೆನ್ನು ನೇರ ಮಾಡಲಾಗದೆ ರಾತ್ರಿ ನೆಲದ ಮೇಲೆ ಮಲಗುವ ಅಮ್ಮ. ಸಿನಿಮಾ ನೋಡುವಾಗ ಎಲ್ಲರೂ ಅತ್ತರೆ ಎದ್ದು ಹೋಗಿ ಅಕ್ಕಿ ತೊಳೆಯುವ ಅಮ್ಮ. ಮಗಳು ತನ್ನನ್ನು ಇಷ್ಟು ದಿನ ನೋಡುತ್ತಲೇ ಇದ್ದಳು ಎನ್ನುವುದು ಅವಳಿಗೆ ನಾಚಿಕೆ ತಂದಿತು. ಅಂಗೈ ಕೆಳಗೆ ಏನೋ ಬದಲಾದ ಹಾಗೆನಿಸಿ ನೋಡಿದಳು. ಬಿಳಿಯ ನಡುವೆ ಉಗುರಗಲದ ಕರಿ. ಕಾರ್ಬನ್ ನೇಯ್ಗೆ, ಚಾಪೆಯ ಹೆಣಿಗೆಯ ಹಾಗೆ ಚೊಕ್ಕವಾಗಿ ಇಣುಕುತ್ತಿತ್ತು. ಹೊಸಬರು ಮಾಡುವ ತಪ್ಪು. ಅವಳು ಅದನ್ನು ಒದ್ದೆ ಬಟ್ಟೆಯಿಂದ ಮುಚ್ಚಿ, ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಕೇಳು," ಎಂದಳು. "ನೀನು ಹೋಗಲ್ಲ. ನಾನು ನೋಡ್ಕೋತೀನಿ."

"ಅಪ್ಪ?"

"ಮೇಷ್ಟ್ರೇ ಬೇಡ ಅಂದ್ರೆ ಅಪ್ಪನ ಕಡೆಯಿಂದಾನೂ ಮುಗೀತು. ಅವರು ಎತ್ತರ ನೋಡ್ತಾರೆ, ಆಮೇಲೆ ಎರಡೂ ಕೈ ಚಾಚಿಸಿ ಈ ತುದಿಯಿಂದ ಆ ತುದಿಗೆ ಅಳೀತಾರೆ. ಎತ್ತರಕ್ಕಿಂತ ಕೈ ಜಾಸ್ತಿ ಇದ್ರೆ ಮಾತ್ರ ಅವರಿಗೆ ಬೇಕು. ಬಿಗಿಯಾಗಿ ನಿಲ್ಬೇಡ. ಮೈ ಸಡ್ಲ ಬಿಡು. ಮೊಣಕೈ ಒಂಚೂರು ಒಳಗೆ ಎಳ್ಕೋ, ತೋಳು ದೊಗಲೆ ಇದೆ, ಕಾಣಲ್ಲ."

ಯಾಲಿನ್ ಎದ್ದು ನಿಂತು ಕೈ ಚಾಚಿ ತೋರಿಸಿದಳು. "ಹೀಗಾ?"

"ಹಾಗೇ."

ಹುಡುಗಿ ನಕ್ಕಳು. ಅಮ್ಮನ ಜೊತೆ ಸೇರಿ ಒಂದು ಕಳ್ಳತನ ಮಾಡುವುದು ಅವಳಿಗೆ ಹೊಸದು. ಹತ್ತಿರ ಬಂದು ಅಮ್ಮನ ಸೊಂಟಕ್ಕೆ ತಲೆ ಒರಗಿಸಲು ಬಗ್ಗಿದಳು. ಈಗ ಹಾಗೆ ಒರಗಬೇಕಾದರೆ ಅವಳು ಬಹಳ ಬಗ್ಗಬೇಕು. ಗ್ವೇಫೆನ್ ಕೊಳಕು ಕೈಯನ್ನು ದೂರ ಹಿಡಿದು ಮೊಣಕೈಯಿಂದ ಅವಳ ತಲೆಯನ್ನು ಒತ್ತಿಕೊಂಡಳು. ಆಗ ಸುಖವಾಯಿತು. ಬಹಳ ದಿನದ ಮೇಲೆ ಹೀಗೆ ನಿಚ್ಚಳವಾಗಿ ಏನೋ ಒಂದು ಆಯಿತು.

ಶೆಂಗ್ ಮೇಷ್ಟ್ರು ಬಂದಾಗ ಇನ್ನೂ ಬೆಳಕಿತ್ತು. ಕೂದಲಿಗೆ ಬಣ್ಣ ಹಾಕಿದ್ದರು, ಹಣೆಯ ಅಂಚಿನ ಚರ್ಮಕ್ಕೂ ಅದು ಸ್ವಲ್ಪ ತಾಗಿತ್ತು. ಕೊರಳಲ್ಲಿ ಸ್ಟಾಪ್‌ವಾಚ್ ನೇತಾಡುತ್ತಿತ್ತು, ಮದುವೆಗೆ ಹೋದರೂ ಅವರು ಅದನ್ನು ತೆಗೆಯುವುದಿಲ್ಲ. ಹೋಂಗ್ ಸಿಗರೇಟು ಕೊಟ್ಟ, ಅವರು ಕಿವಿಯ ಹಿಂದೆ ಇಟ್ಟುಕೊಂಡರು. ಗೋಲ್ಯಾಂಗ್ ವ್ಯಾನನ್ನು ಹೊರಗೆ ನಿಲ್ಲಿಸಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವರ ಹಿಂದೆಯೇ ಬಂದ. ಮೇಷ್ಟ್ರು ಯಾರ ಮುಖವನ್ನೂ ನೋಡದೆ ನೇರ ದೋಣಿಯ ಹತ್ತಿರ ಹೋಗಿ, ಕಣ್ಣು ಮುಚ್ಚಿ, ಮೂತಿಯಿಂದ ಅಂಗೈ ಎಳೆಯುತ್ತ ನಡೆದರು. ಎಲ್ಲರೂ ಅವರ ಜೊತೆ ನಾಲ್ಕು ಹೆಜ್ಜೆ ಹಿಂದೆ ನಡೆದರು. ನಡುವಿಗೆ ಬರುವ ಮೊದಲು ಕೈ ನಿಂತಿತು.

"ಇದು ಯಾರ ಕೈ?"

ಕರಿ ಇಣುಕಿದ ಜಾಗ. ಅವಳು ತೆಳ್ಳಗೆ ರಾಳ ಎಳೆದಿದ್ದಳು, ಅದು ಇನ್ನೂ ಒಣಗಿರಲಿಲ್ಲ.

"ನಂದು, ಮೇಷ್ಟ್ರೇ," ಎಂದಳು.

"ನಿದ್ದೆ ಮಾಡ್ತಿದ್ಯಾ?"

"ಇಲ್ಲ."

"ನೀನು ದೋಣೀಲಿ ಇದ್ದಾಗ್ಲೂ ಹೀಗೇ. ಅರ್ಧದಲ್ಲಿ ಎಲ್ಲೋ ಹೋಗ್ಬಿಡ್ತಿದ್ದೆ." ಹೋಂಗ್‌ನ ಕಡೆ ತಿರುಗಿದರು. "ಮಿಕ್ಕಿದ್ದು ಚೆನ್ನಾಗಿದೆ. ಮರಳು ಉಜ್ಜಿದ್ದು ಅಂತ ಯಾರಿಗೂ ಗೊತ್ತಾಗಲ್ಲ. ಏನ್ ಮಾಡೋದು, ಹುಡುಗಿಯರಿಗೆ ಬುದ್ಧಿ ಇಲ್ಲ, ದಿಬ್ಬದ ಮೇಲೇ ಹತ್ತಿಸಿದ್ರು."

"ಹುಡುಗಿಯರಲ್ವಾ," ಎಂದ ಹೋಂಗ್. ಗೋಲ್ಯಾಂಗ್ ನಗಬೇಕಾದಷ್ಟು ನಕ್ಕ. ಗ್ವೇಫೆನ್ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು. ಬೈಗುಳ ಅವಳ ಮೇಲೆ ಬಿತ್ತು, ಜಾರಿ ನೆಲಕ್ಕೆ ಹೋಯಿತು, ಅದು ಅಭ್ಯಾಸವಾಗಿತ್ತು. ಬೇಗ ಅಳೆದು ಬೇಗ ಹೋಗಲಿ ಎಂದಷ್ಟೇ ಅವಳಿಗೆ ಆಸೆ.

"ಇವಳೇನಾ?" ಮೇಷ್ಟ್ರು ಯಾಲಿನ್‌ಳನ್ನು ಮೇಲಿಂದ ಕೆಳಗೆ ನೋಡಿದರು. "ಚಪ್ಪಲಿ ಬಿಡು. ಪಾದ ತೋರ್ಸು. ಪರ್ವಾಗಿಲ್ಲ, ಹುಟ್ಟು ಬೇಡ, ಇವನ್ನೇ ಹಾಕ್ಬಹುದು." ಹೋಂಗ್ ನಕ್ಕ. ಹುಡುಗಿ ಬೆರಳುಗಳನ್ನು ಮಡಿಸಿಕೊಂಡಳು. "ಗೋಡೆಗೆ ನಿಲ್ಲು. ಹಿಮ್ಮಡಿ ತಾಗ್ಲಿ. ತಲೆ ನೇರ." ಪೆನ್ಸಿಲಿನಿಂದ ಗೋಡೆಗೆ ಗುರುತು ಹಾಕಿ, ಜೇಬಿನಿಂದ ಬಟ್ಟೆಯ ಟೇಪು ತೆಗೆದು ಅಳೆದರು. ಟೇಪಿನ ಅಂಕಿಗಳು ಬೆರಳು ತಾಗಿ ತಾಗಿ ಅರ್ಧ ಅಳಿಸಿಹೋಗಿದ್ದವು. "ಎತ್ತರ ಇದೆ. ಈಗ ಕೈ ಚಾಚು. ಗೋಡೆಗೆ ಅಂಟ್ಸು. ಗ್ವೇಫೆನ್, ಬಾ ಇಲ್ಲಿ, ಈ ತುದಿ ನೀನು ಹಿಡಿ."

ಗೋಲ್ಯಾಂಗ್ ಮುಂದೆ ಬಂದಿದ್ದ, ಮೇಷ್ಟ್ರು ಅವನನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು. "ಅವಳಿಗೆ ಗೊತ್ತು ಹೆಂಗೆ ಹಿಡೀಬೇಕು ಅಂತ. ಎಷ್ಟು ಸಲ ಅಳೆಸ್ಕೊಂಡಿದಾಳೆ."

ಅವಳು ಕೈ ಒರೆಸಿಕೊಂಡು ಟೇಪಿನ ತುದಿ ಹಿಡಿದಳು. ತೋಳಿನ ಅಂಚಿನಿಂದ ಇಣುಕುತ್ತಿದ್ದ ಯಾಲಿನ್‌ಳ ಬಲಗೈಯ ನಡುಬೆರಳಿಗೆ ಅದನ್ನು ತಾಗಿಸಿದಾಗ ಬೆರಳು ಬೆಚ್ಚಗಿತ್ತು, ಹಣ್ಣಿನ ಅಂಟು ಇನ್ನೂ ಇತ್ತು. ಇಷ್ಟು ಹತ್ತಿರದಿಂದ ನೋಡಿದರೆ ದೊಗಲೆ ತೋಳಿನೊಳಗೆ ಮೊಣಕೈ ಒಳಕ್ಕೆ ಎಳೆದುಕೊಂಡಿರುವುದು ತಿಳಿಯುತ್ತಿತ್ತು. ಇನ್ನಾರಿಗೂ ತಿಳಿಯುವಂತಿರಲಿಲ್ಲ. ಹುಡುಗಿ ಅವಳ ಕಡೆ ನೋಡದೆ ಎದುರಿನ ಬೆಳಕಿಂಡಿಯನ್ನೇ ನೋಡುತ್ತಿದ್ದಳು, ತುಟಿಯ ಮೂಲೆಯಲ್ಲಿ ನಗು ತಡೆದುಕೊಂಡಿದ್ದಳು. ಮೇಷ್ಟ್ರು ಟೇಪನ್ನು ಎದೆಯ ಮೇಲೆ ಹಾಯಿಸಿ ಆ ತುದಿಗೆ ಒಯ್ದು, ಕನ್ನಡಕ ಹಣೆಗೇರಿಸಿ, ಅಳಿಸಿದ ಅಂಕಿಯನ್ನು ಹತ್ತಿರಕ್ಕೆ ಹಿಡಿದು ನೋಡಿದರು. ಇನ್ನೊಮ್ಮೆ ನೋಡಿದರು. ಷೆಡ್ಡಿನ ಹಿಂದೆ ಯಾವುದೋ ಯಂತ್ರ ತಾನಾಗಿ ಆರಿತು.

"ಹೂಂ," ಎಂದರು. "ಎತ್ತರದಷ್ಟೇ ಕೈ."

"ಹಾಗಂದ್ರೆ?" ಗೋಲ್ಯಾಂಗ್ ಕೇಳಿದ.

"ಹಾಗಂದ್ರೆ ಆಗಲ್ಲ ಅಂತ. ಎಲ್ಲರಿಗೂ ಇರೋದು ಅಷ್ಟೇ. ಅಷ್ಟು ಇಟ್ಕೊಂಡು ಬಸ್ಸಲ್ಲಿ ಮೇಲಿನ ಕಂಬಿ ಹಿಡ್ಕೋಬಹುದು, ದೋಣೀಲಿ ಕೂರೋಕಾಗಲ್ಲ." ಅವರ ದನಿಯಲ್ಲಿ ಕೆಟ್ಟತನವಿರಲಿಲ್ಲ. ತರಕಾರಿ ಅಂಗಡಿಯಲ್ಲಿ ಸೌತೆಕಾಯಿ ತಿರುಗಿಸಿ ನೋಡಿ ಕೆಳಗಿಟ್ಟ ಹಾಗೆ ಹೇಳಿದರು. ಗೋಲ್ಯಾಂಗ್‌ನ ಭುಜ ಕುಸಿದದ್ದನ್ನು ಗ್ವೇಫೆನ್ ಕಂಡಳು. ಅಂಗಿಯ ಕೊರಳ ಗುಂಡಿಯನ್ನು ಅವನು ಬಿಚ್ಚುತ್ತಿದ್ದ. ಮುಗಿಯಿತು. ಮನೆಗೆ ಹೋಗಿ ಅನ್ನಕ್ಕಿಡುವುದು, ಯಾಲಿನ್‌ಗೆ ಮೊಟ್ಟೆ ಬೇಯಿಸುವುದು. ಅವಳ ಮೈ ಹಗುರಾಗುತ್ತಿತ್ತು.

ಮೇಷ್ಟ್ರು ಕಿವಿಯ ಹಿಂದಿನ ಸಿಗರೇಟನ್ನು ತೆಗೆದು ಬಾಯಿಗಿಟ್ಟು, ತುಟಿಯ ಸಂದಿಯಿಂದಲೇ ಹೋಂಗ್‌ಗೆ ಹೇಳಿದರು. "ಏನ್ ಮಾಡೋಕಾಗತ್ತೆ. ರಕ್ತ. ಇವರಮ್ಮಂದೂ ಇದೇ ಕಥೆ. ಮನಸ್ಸಿತ್ತು, ಕೈ ಸಾಲ್ಲಿಲ್ಲ."

ಹೋಂಗ್ ಹೌದೌದು ಎಂದು ತಲೆಯಾಡಿಸಿದ. ಅವನಿಗೆ ಅದು ಮೊದಲೇ ಗೊತ್ತಿದ್ದ ಹಾಗಿತ್ತು. ಊರಿಗೆಲ್ಲ ಗೊತ್ತಿದ್ದ ಹಾಗಿತ್ತು. ಗ್ವೇಫೆನ್‌ಳ ಕಿವಿಯಲ್ಲಿ ಒಂದು ಬಿಸಿ ಎದ್ದು ಕೆನ್ನೆಗೆ, ಕೊರಳಿಗೆ, ಬೆನ್ನಿಗೆ ಇಳಿಯಿತು. ಹದಿನೈದು ವರ್ಷ ಎಲ್ಲಿತ್ತೋ ಅದು. ಪಕ್ಕೆಲುಬಿನ ಹಳೆಯ ಜಾಗದಲ್ಲಿ ಉಸಿರು ಚುಚ್ಚಿತು. ಊಟದ ಮನೆಯ ತಟ್ಟೆಗಳ ಸದ್ದು ಕೇಳಿಸಿತು, ತಾವ್ ಯಿಂಗ್ ತನ್ನ ಕಡೆ ನೋಡದೆ ಸೂಪು ಕುಡಿದದ್ದು ಕಾಣಿಸಿತು. ಇವರು ಅಳೆದಿರಲೇ ಇಲ್ಲ, ಆ ವಾರ ಒಮ್ಮೆಯೂ ಅಳೆದಿರಲಿಲ್ಲ, ಸುಮ್ಮನೆ ಹೇಳಿದರು, ಎಂದು ಅವಳಿಗೆ ಈಗ ತಾನೇ ಕಂಡಂತೆ ಸ್ಪಷ್ಟವಾಯಿತು. ಮೇಷ್ಟ್ರು ಟೇಪನ್ನು ತಮ್ಮ ತುದಿಯಿಂದ ಸುತ್ತಲು ಎಳೆದರು. ಅವಳ ತುದಿ ಬರಲಿಲ್ಲ. ಅವಳು ಬಿಟ್ಟಿರಲಿಲ್ಲ.

"ಬಿಡು ಗ್ವೇಫೆನ್."

"ಇನ್ನೊಂದ್ಸಲ ನೋಡಿ."

"ಎರಡು ಸಲ ನೋಡಿದೆ."

"ನೋಡಿ, ಮೇಷ್ಟ್ರೇ." ಯಾಲಿನ್ ಇನ್ನೂ ಕೈ ಚಾಚಿಕೊಂಡೇ ಗೋಡೆಗೆ ಅಂಟಿ ನಿಂತಿದ್ದಳು, ಇಳಿಸಲು ಯಾರೂ ಹೇಳಿರಲಿಲ್ಲ. ಗ್ವೇಫೆನ್ ಮಗಳ ಕಡೆ ತಿರುಗಿದಳು. ಬಾಯಿಂದ ಬಂದ ದನಿ ಅವಳದಾಗಿರಲಿಲ್ಲ. ನದಿಯ ಮೇಲೆ ದೂರಕ್ಕೆ ಕೇಳಿಸುವಂಥ ಚಪ್ಪಟೆ ದನಿ ಅದು.

"ಮೊಣಕೈ ನೆಟ್ಟಗೆ ಮಾಡು."

ಹುಡುಗಿಯ ತುಟಿಯ ಮೂಲೆಯ ನಗು ಹೋಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅಮ್ಮ ತಮಾಷೆ ಮಾಡುತ್ತಿರಬಹುದು ಎಂದು ಅವಳು ಮೊದಲು ಅಂದುಕೊಂಡ ಹಾಗಿತ್ತು. ಅಮ್ಮನ ಮುಖ ನೋಡಿದಳು, ಕಾದಳು. ಆಮೇಲೆ ನೆಟ್ಟಗೆ ಮಾಡಿದಳು. ತೋಳಿನೊಳಗಿಂದ ಅಂಗೈ ಹೊರಗೆ ಬಂತು, ಮಣಿಕಟ್ಟು ಬಂತು, ಗೋಡೆಯ ಮೇಲೆ ಬೆರಳುಗಳು ಸರಿದು ಹೋದವು. ಮೇಷ್ಟ್ರು ಬಾಯಿಂದ ಸಿಗರೇಟು ತೆಗೆದರು.

ಗ್ವೇಫೆನ್ ಟೇಪಿನ ತುದಿಯನ್ನು ಮಗಳ ಬೆರಳ ತುದಿಗೆ ಕೂದಲೆಳೆ ತಪ್ಪದ ಹಾಗೆ ಒತ್ತಿ ಹಿಡಿದಿದ್ದಳು.